ಬೋಲ್ಟಿನ ಡಬ್ಬಿಯೊಳಗಿನ ಸೀಟಿ

"ರೀ, ನನ್ನ ಬೋಗುಣಿ ಎಲ್ಲಿ?"

ಅಡುಗೆಮನೆಯ ಬಾಗಿಲಲ್ಲಿ ನಿಂತು ಹೆಂಡತಿ ಕೇಳಿದಾಗ ಮೇಸ್ತ್ರಿ ವ್ಯಾನಿನ ಕೆಳಗೆ ಅಂಗಾತ ಮಲಗಿದ್ದ. ಅವನ ಎರಡು ಕಾಲು ಮಾತ್ರ ಹೊರಗೆ ಕಾಣುತ್ತಿದ್ದವು. ಕಾಲುಗಳು ಉತ್ತರ ಕೊಡಲಿಲ್ಲ.

"ನಿಮ್ಮನ್ನೇ ಕೇಳ್ತಿರೋದು. ಅಡುಗೆಗೆ ಇಡೋಣ ಅಂದ್ರೆ ದೊಡ್ಡ ಬೋಗುಣೀನೇ ಕಾಣ್ತಿಲ್ಲ."

"ಇಲ್ಲೇ ಇದೆ ಕಣೇ. ಎಲ್ಲಿಗೆ ಹೋಗುತ್ತೆ, ಅದಕ್ಕೇನು ಕಾಲಿದೆಯಾ?"

ಅಲ್ಲೇ ಇತ್ತು. ವ್ಯಾನಿನ ಪೆಟ್ರೋಲ್ ಟ್ಯಾಂಕಿನ ಕೆಳಗೆ, ಅಂಚಿನವರೆಗೆ ಪೆಟ್ರೋಲು ತುಂಬಿಕೊಂಡು ಕೂತಿತ್ತು. ಪಂಪು ಬಿಚ್ಚಬೇಕಾದರೆ ಟ್ಯಾಂಕು ಖಾಲಿ ಮಾಡಬೇಕು, ಖಾಲಿ ಮಾಡಲು ಪಾತ್ರೆ ಬೇಕು, ಪಾತ್ರೆ ಅಡುಗೆಮನೆಯಲ್ಲಿರುತ್ತದೆ. ಮೇಸ್ತ್ರಿಯ ಲೆಕ್ಕ ಯಾವಾಗಲೂ ಇಷ್ಟು ಸರಳ. ಹೆಂಡತಿ ಬೋಗುಣಿಯನ್ನು ನೋಡಿದಳು, ಹಣೆ ಚಚ್ಚಿಕೊಂಡಳು. "ಇನ್ನು ಅದರಲ್ಲಿ ಅಡುಗೆ ಮಾಡಿದ ಹಾಗೇ ಬಿಡಿ," ಎಂದು ಒಳಗೆ ಹೋಗಿ ಬೇರೆ ಪಾತ್ರೆ ಹುಡುಕತೊಡಗಿದಳು.

ಅದು ನಿಜವಾದ ಗ್ಯಾರೇಜೇನಲ್ಲ. ಮನೆ ಕಟ್ಟಿದವರು ಒಂದು ಕಾರು ನಿಲ್ಲಲಿ ಎಂದು ಬಿಟ್ಟಿದ್ದ ಜಾಗ. ಎದುರಿಗೆ ರಸ್ತೆಗೆ ತೆರೆಯುವ ಕಬ್ಬಿಣದ ಶಟರು, ಹಿಂದೆ ಅಡುಗೆಮನೆಗೆ ಹೋಗುವ ಬಾಗಿಲು, ಕಿಟಕಿ ಇಲ್ಲ. ಮೇಸ್ತ್ರಿ ಮೊದಲು ದೊಡ್ಡದೊಂದು ವರ್ಕ್‌ಶಾಪಿನಲ್ಲಿದ್ದವನು. ಸೂಪರ್‌ವೈಸರ್ ಏನೋ ಅಂದ ಎಂದು ಅವನ ಕೆನ್ನೆಗೆ ಬಾರಿಸಿ ಕೆಲಸ ಬಿಟ್ಟು ಬಂದು ಮನೆಯಲ್ಲೇ ಅಂಗಡಿ ಹಾಕಿಕೊಂಡಿದ್ದ. ಅದೇ ಜಾಗದ ಒಂದು ಮೂಲೆಯಲ್ಲಿ ಹೆಂಡತಿಯ ಹೊಲಿಗೆ ಯಂತ್ರ. ಅವಳು ಕಾರಿನ ಸೀಟುಗಳಿಗೆ ಕವರು ಹೊಲಿಯುತ್ತಿದ್ದಳು. ಅವಳ ಕೈಯ ಹೊಲಿಗೆ ಎಂದರೆ ದೂರದ ಬೀದಿಗಳಿಂದಲೂ ಜನ ಹುಡುಕಿಕೊಂಡು ಬರುತ್ತಿದ್ದರು. ಯಂತ್ರದ ಹಿಂದೆ ಸೂರಿನವರೆಗೆ ಫೋಮಿನ ಸುರುಳಿ, ರೆಕ್ಸಿನ್ನಿನ ಸುರುಳಿ. ಬೆಂಕಿ ಆರಿಸುವ ಕೆಂಪು ಸಿಲಿಂಡರೂ ಒಂದಿತ್ತು, ಇಲ್ಲವೆನ್ನಬಾರದು. ಯಾರೋ ಗಿರಾಕಿ ಕೊಟ್ಟುಹೋದದ್ದು. ಗೋಂದು ಹಚ್ಚಿದ ರೆಕ್ಸಿನ್ ಅಂಟಿಕೊಳ್ಳಲಿ ಎಂದು ಸಿಲಿಂಡರನ್ನು ಅದರ ಮೇಲೆ ಭಾರಕ್ಕೆ ಇಡುತ್ತಿದ್ದರು.

ಮೇಸ್ತ್ರಿಯ ಕೆಲಸದ ಬಗ್ಗೆ ಯಾರೂ ಬೆರಳು ತೋರಿಸುವ ಹಾಗಿರಲಿಲ್ಲ. ಎಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುತ್ತಿದ್ದ. ಕೋಪ ಮಾತ್ರ ಮೂಗಿನ ತುದಿಯಲ್ಲೇ. ಕೋಪ ಬಂದರೆ ಕೈಗೆ ಸಿಕ್ಕಿದ್ದು ಹಾರುತ್ತಿತ್ತು. ಸ್ಪ್ಯಾನರು ಹಾರಿದ್ದುಂಟು, ಬ್ಯಾಟರಿ ಮುಚ್ಚಳ ಹಾರಿದ್ದುಂಟು, ಒಮ್ಮೆ ಊಟದ ತಟ್ಟೆಯೂ ಹಾರಿತ್ತು. ಇನ್ನು ಕೈ ತೊಳೆಯುವುದು ಪೆಟ್ರೋಲಿನಲ್ಲಿ. ಸೋಪಿಗೆ ಹೋಗದ ಗ್ರೀಸು ಪೆಟ್ರೋಲಿಗೆ ಹೋಗುತ್ತದೆ ಎಂಬುದು ಅವನ ವಾದ. "ಪಕ್ಕದಲ್ಲಿ ಮಲಗಿದ್ರೆ ಪೆಟ್ರೋಲ್ ಬಂಕಲ್ಲಿ ಮಲಗಿದ ಹಾಗಿರುತ್ತೆ," ಎಂದು ಹೆಂಡತಿ ಗೊಣಗಿದರೆ, "ಬಂಕಲ್ಲಿ ಮಲಗೋಕೆ ಪುಣ್ಯ ಮಾಡಿರಬೇಕು," ಅನ್ನುತ್ತಿದ್ದ.

ಅವನ ಹತ್ತಿರ ಒಂದು ಆಟವಿತ್ತು. ಗಿರಾಕಿಗಳು ಗುಂಪಾಗಿ ಬೇಜಾರಿನಿಂದ ಕೂತಿದ್ದಾಗ ಅದನ್ನು ಆಡುತ್ತಿದ್ದ. ಒಂದು ಸಣ್ಣ ಬಟ್ಟಲಿಗೆ ಪೆಟ್ರೋಲ್ ಹಾಕಿ, ರಸ್ತೆಯಲ್ಲಿ ನಿಂತು ಸೇದುತ್ತಿದ್ದ ಯಾರ ಕೈಯಿಂದಲೋ ಉರಿಯುವ ಸಿಗರೇಟು ಇಸಿದುಕೊಂಡು, ಎಲ್ಲರೂ ಉಸಿರು ಹಿಡಿದು ನೋಡುತ್ತಿರುವಾಗ ಅದರ ಕೆಂಡವನ್ನು ಪೆಟ್ರೋಲಿಗೆ ಅದ್ದುತ್ತಿದ್ದ. ಚುಯ್ ಎಂದು ಆರಿಹೋಗುತ್ತಿತ್ತು. ಜನ ಹೋ ಎನ್ನುತ್ತಿದ್ದರು. ಒಬ್ಬ ಟ್ಯಾಕ್ಸಿಯವನಂತೂ ಈ ಆಟ ತೋರಿಸಲೆಂದೇ ತನ್ನ ಸ್ನೇಹಿತರನ್ನು ಕರೆತರುತ್ತಿದ್ದ. "ಹೆದರೋರಿಗೆ ಬೆಂಕಿ, ಗುಂಡಿಗೆ ಇರೋರಿಗೆ ಅದೂ ನೀರೇ," ಎಂದು ಮೇಸ್ತ್ರಿ ಮೀಸೆ ತಿರುವುತ್ತಿದ್ದ. ತೆರೆದ ಶಟರಿನಿಂದ ಬೀಸುತ್ತಿದ್ದ ಗಾಳಿ ತನ್ನ ಜೀವ ಉಳಿಸಿದೆ ಎಂದು ಅವನಿಗೆ ಒಂದು ದಿನವೂ ಹೊಳೆಯಲಿಲ್ಲ. ಹೊಳೆದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಬೀದಿಯಲ್ಲಿ ಅವನಿಗೆ ಇದ್ದ ವೈರಿ ಒಬ್ಬನೇ: ಎದುರು ಮನೆಯ ಡ್ರಿಲ್ ಮೇಷ್ಟ್ರು. ಮೈದಾನದಲ್ಲಿ ಕೂಗಿ ಕೂಗಿ ಗಂಟಲು ಕೆಟ್ಟು, ಆಪರೇಷನ್ ಆಗಿ, ನಿವೃತ್ತರಾಗುವ ಹೊತ್ತಿಗೆ ಅವರ ದನಿ ಒಣ ಎಲೆ ಸರಿದಷ್ಟೇ ಉಳಿದಿತ್ತು. ಅದಕ್ಕೇ ಕೊರಳಲ್ಲಿ ಸೀಟಿ ತೂಗಿಕೊಂಡೇ ಇರುತ್ತಿದ್ದರು. ತರಕಾರಿಯವನನ್ನು ಕರೆಯಲೂ ಸೀಟಿ, ನಾಯಿ ಓಡಿಸಲೂ ಸೀಟಿ. ಗ್ಯಾರೇಜಿನ ಪೆಟ್ರೋಲ್ ವಾಸನೆ ರಸ್ತೆ ದಾಟಿತೋ, ಬಾಲ್ಕನಿಯಲ್ಲಿ ನಿಂತು ಉದ್ದಕ್ಕೆ ಊದುತ್ತಿದ್ದರು. ಆ ಸದ್ದು ಕೇಳಿದರೆ ಮೇಸ್ತ್ರಿಗೆ ಮೈಯೆಲ್ಲ ಉರಿಯುತ್ತಿತ್ತು.

"ನಾನೇನು ಅವನ ಸ್ಕೂಲಿನ ಹುಡುಗನಾ, ಊದಿದ ತಕ್ಷಣ ನೆಟ್ಟಗೆ ನಿಲ್ಲೋಕೆ?"

ವಾರದ ಹಿಂದೆ ಅದು ಮಿತಿ ಮೀರಿತ್ತು. ಸೀಟಿ ಊದಿದ್ದೇ ತಡ, ಮೇಸ್ತ್ರಿಯ ಕೈಲಿದ್ದ ಸ್ಪ್ಯಾನರು ರಸ್ತೆ ದಾಟಿ ಹೋಗಿ ಮೇಷ್ಟ್ರ ಕಿಟಕಿಯ ಗಾಜು ಪುಡಿಮಾಡಿತು. ಮೇಷ್ಟ್ರು ಬನಿಯನ್ನಿನಲ್ಲೇ ಇಳಿದು ಬಂದರು. "ಒಳಗೆಲ್ಲ ವಾಸನೆ ಕಣಯ್ಯ... ಒಂದಲ್ಲ ಒಂದು ದಿನ..." ಎಂದು ಆ ಇಲ್ಲದ ದನಿಯಲ್ಲಿ ಏನೋ ಹೇಳಲು ಹೊರಟರು. ಮೇಸ್ತ್ರಿ ಪೂರ್ತಿ ಕೇಳಲಿಲ್ಲ. ಅವರ ಕೊರಳಿನ ದಾರಕ್ಕೇ ಕೈ ಹಾಕಿ ಎಳೆದ. ದಾರ ಕತ್ತಿನಲ್ಲಿ ಕೆಂಪು ಗೆರೆ ಎಳೆದು ಕಿತ್ತುಬಂತು. ಇನ್ನೊಂದು ಕೈಯಿಂದ ನೂಕಿದ ರಭಸಕ್ಕೆ ಆ ಹಿರಿಯ ಜೀವ ರಸ್ತೆಗೆ ಬಿದ್ದು ಮೊಣಕೈ ಒಡೆದುಕೊಂಡಿತು.

"ಅಯ್ಯೋ, ನಿಮಗೆ ಕೈ ಹೇಗ್ರೀ ಬಂತು!" ಎನ್ನುತ್ತ ಹೆಂಡತಿ ಓಡಿ ಬಂದು ಮೇಷ್ಟ್ರನ್ನು ಎಬ್ಬಿಸಿದಳು. ಮೇಸ್ತ್ರಿ ಸೀಟಿಯನ್ನು ಹಳೇ ಬೋಲ್ಟುಗಳ ತಗಡಿನ ಡಬ್ಬಿಗೆ ಎಸೆದ. ಶಟರನ್ನು ಧಡಾರೆಂದು ಎಳೆದು, ಒಳಗಿನಿಂದ ಬೀಗ ಜಡಿದ.

"ವಾಸನೆ ಬೇಡ ತಾನೇ? ಇನ್ಮೇಲೆ ಬರಲ್ಲ, ಹೋಗು!"

ಅಂದಿನಿಂದ ಪೆಟ್ರೋಲಿನ ಕೆಲಸವೆಲ್ಲ ಶಟರು ಮುಚ್ಚಿಯೇ. ಸೀಟಿಯೂ ನಿಂತಿತು. ಬೀದಿಯಲ್ಲಿ ತಾನು ಗೆದ್ದೆ ಎಂದು ಮೇಸ್ತ್ರಿ ಎದೆಯುಬ್ಬಿಸಿಕೊಂಡು ಓಡಾಡಿದ.

ಹೆಂಡತಿ ಬೋಗುಣಿ ಹುಡುಕಿದ ಆ ದಿನ ರಿಪೇರಿಗೆ ಬಂದಿದ್ದು ಅವನ ಭಾಮೈದನ ವ್ಯಾನು. ಹೆಂಡತಿಯ ಒಬ್ಬನೇ ತಮ್ಮ ಶಾಲೆಯ ಮಕ್ಕಳನ್ನು ಕರೆದೊಯ್ಯುವ ವ್ಯಾನು ಓಡಿಸುತ್ತಿದ್ದ. ಅವನು ಶಟರಿನ ಪಕ್ಕ ಒಂದು ಟೈರಿನ ಮೇಲೆ ಕೂತು ಕಣ್ಣು ಉಜ್ಜಿಕೊಳ್ಳುತ್ತಿದ್ದ.

"ಭಾವ, ಶಟರ್ ಒಂಚೂರು ಎತ್ತೋಣ್ವಾ? ಕಣ್ಣೆಲ್ಲ ಉರೀತಿದೆ, ತಲೆ ಬೇರೆ ಸುತ್ತುತ್ತೆ."

"ಎತ್ತಿದ್ರೆ ಅವನು ಗೆದ್ದ ಹಾಗಾಗುತ್ತೆ. ಕೂತ್ಕೋ ಸುಮ್ನೆ." ಮೇಸ್ತ್ರಿ ವ್ಯಾನಿನ ಕೆಳಗಿನಿಂದ ತೆವಳಿಕೊಂಡು ಬಂದು ಬೋಗುಣಿಯಲ್ಲಿ ಕೈ ತೊಳೆದುಕೊಂಡ. "ಹುಡುಗಿಯರ ಹಾಗೆ ಕಣ್ಣು ಉರಿ, ತಲೆ ನೋವು ಅಂತೀಯಲ್ಲೋ. ಅಕ್ಕನ ಮುದ್ದಲ್ಲಿ ಬೆಳೆದೋರ ಕಥೆಯೇ ಇಷ್ಟು."

"ಮುದ್ದಲ್ಲ ಭಾವ, ಗಾಳಿ ಬೇಕು ಅಂದೆ."

"ಗಾಳಿ ಅಲ್ಲ ನಿಂಗೆ ಬೇಕಾಗಿರೋದು, ಗುಂಡಿಗೆ. ಆ ಸಿಗರೇಟಿನ ಆಟ ನೋಡ್ತಾ ಚಪ್ಪಾಳೆ ಹೊಡೀತೀಯಲ್ಲ, ಒಂದು ದಿನವಾದ್ರೂ ಮಾಡಿದ್ದೀಯಾ?"

ಭಾಮೈದನ ಮುಖ ಕೆಂಪಾಯಿತು. "ಅದೇನು ಮಹಾ!"

"ಮಹಾ ಅಲ್ಲದಿದ್ರೆ ಮಾಡು ನೋಡೋಣ. ನಿನ್ನ ಕೈಲಾಗಲ್ಲ ಬಿಡು, ನೀನು ಮಕ್ಕಳ ವ್ಯಾನ್ ಓಡಿಸೋಕೇ ಸರಿ."

ಭಾಮೈದ ಜೇಬಿನಿಂದ ಸಿಗರೇಟು ತೆಗೆದು ತುಟಿಗಿಟ್ಟ. ಅಡುಗೆಮನೆಯ ಬಾಗಿಲಲ್ಲಿ ಅಕ್ಕ ಕಾಣಿಸಿಕೊಂಡಳು. "ಏಯ್, ಬೇಡ ಕಣೋ! ಅವರಿಗಂತೂ ಬುದ್ಧಿ ಇಲ್ಲ, ನಿಂಗೂ ಇಲ್ವಾ?"

ಅವನ ಕೈ ಒಂದು ಕ್ಷಣ ನಿಂತಿತು. ಅಲ್ಲಿಗೇ ಮುಗಿಯಬಹುದಿತ್ತು. ಆದರೆ ಮೇಸ್ತ್ರಿಯ ಬಾಯಿ ಸುಮ್ಮನಿರಬೇಕಲ್ಲ!

"ಬಂದ್ಲು ನೋಡು ಅಕ್ಕ. ಹೋಗು, ಸೆರಗಿನ ಹಿಂದೆ ಬಚ್ಚಿಟ್ಕೋ."

ಭಾಮೈದ ಕಡ್ಡಿ ಗೀರಿದ.

ಸಿಗರೇಟು ಹೊತ್ತಿಕೊಳ್ಳಲೇ ಇಲ್ಲ. ಅದಕ್ಕೂ ಮುಂಚೆ ನೆಲ ಹೊತ್ತಿಕೊಂಡಿತು. ಪೆಟ್ರೋಲಿನ ಆವಿ ಹೊಗೆಯ ಹಾಗೆ ಮೇಲಕ್ಕೆ ಹೋಗುವುದಿಲ್ಲ, ನೀರಿನ ಹಾಗೆ ನೆಲ ಹಿಡಿದು ಹರಡುತ್ತದೆ. ಮುಚ್ಚಿದ ಆ ಕೋಣೆಯಲ್ಲಿ ಅಷ್ಟು ಹೊತ್ತಿನಿಂದ ಅದು ಅವರ ಮೊಣಕಾಲಿನವರೆಗೆ ತುಂಬಿ ನಿಂತಿತ್ತು, ಯಾರ ಕಣ್ಣಿಗೂ ಬೀಳದೆ. ಭಗ್ ಎಂದು ನೀಲಿ ಉರಿಯೊಂದು ಈ ಗೋಡೆಯಿಂದ ಆ ಗೋಡೆಗೆ ಹಾಯಿತು. ಗಾಳಿಯೇ ಎದೆಗೆ ಒದ್ದ ಹಾಗೆ ಭಾಮೈದ ಹಿಂದಕ್ಕೆ ಹಾರಿ ಶಟರಿಗೆ ಬಡಿದ. ಅವನ ಪ್ಯಾಂಟು ಎರಡೂ ಕಾಲಿನಲ್ಲಿ ಉರಿಯುತ್ತಿತ್ತು. ಬೋಗುಣಿಯಿಂದ ಎದ್ದ ಜ್ವಾಲೆ ವ್ಯಾನಿನ ಹೊಟ್ಟೆಯನ್ನು ನೆಕ್ಕತೊಡಗಿತು.

"ಅಕ್ಕಾ! ಅಕ್ಕಾ!"

ಅಕ್ಕ ಓಡಿ ಬಂದಳು. ತುಂಬಿದ ಕೊಡ ಎತ್ತಿಕೊಂಡು ಬಂದಳು. "ನೀರು ಹಾಕಬೇಡ ಕಣೇ!" ಎಂದು ಮೇಸ್ತ್ರಿ ಕಿರುಚುವಷ್ಟರಲ್ಲಿ ಹಾಕಿಯಾಗಿತ್ತು. ಪೆಟ್ರೋಲು ನೀರಿನ ಮೇಲೇರಿ ಉರಿಯುತ್ತಲೇ ಹರಿದು ಫೋಮಿನ ಸುರುಳಿಗಳ ಬುಡಕ್ಕೆ ಹೋಯಿತು. ಫೋಮು ಕರಗುತ್ತ, ಕರಿ ಹೊಗೆ ಕಾರುತ್ತ ಹೊತ್ತಿತು. ಮೇಸ್ತ್ರಿ ಕೆಂಪು ಸಿಲಿಂಡರಿಗೆ ನುಗ್ಗಿದ, ಪಿನ್ನು ಎಳೆದ, ಹಿಡಿ ಅದುಮಿದ. ಅದು ಮುದುಕನ ಹಾಗೆ ಒಂದು ಸಲ ಕೆಮ್ಮಿ ಸುಮ್ಮನಾಯಿತು. ಅದನ್ನೂ ಬೆಂಕಿಗೇ ಎಸೆದ.

ಆಮೇಲೆ ಅವನು ಮಾಡಿದ್ದು ಹುಚ್ಚುತನ. ಉರಿಯುತ್ತಿದ್ದ ಬೋಗುಣಿಯನ್ನು ಎರಡೂ ಕೈಯಿಂದ ಎತ್ತಿಕೊಂಡ. ಹೊರಗೆ ಎಸೆದರಾಯಿತು ಎಂದು ಶಟರಿನ ಕಡೆ ಎರಡು ಹೆಜ್ಜೆ ಇಟ್ಟ. ಶಟರು ಮುಚ್ಚಿತ್ತು. ಬೀಗ ಹಾಕಿದವನು ಅವನೇ. ಬೋಗುಣಿಯ ಸಮೇತ ಗರಕ್ಕನೆ ಹಿಂದಕ್ಕೆ ತಿರುಗಿದ, ಹಿತ್ತಲಿಗಾದರೂ ಎಸೆಯೋಣ ಎಂದು ಅಡುಗೆಮನೆಯ ಬಾಗಿಲಿಗೆ ನುಗ್ಗಿದ. ಅಂಗೈಯ ಚರ್ಮ ಸುಲಿದ ಹಾಗಾಯಿತು. ಕೈ ಬಿಟ್ಟುಬಿಟ್ಟ. ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಮುಖ ಉಳಿಸಿಕೊಳ್ಳಲು ಅವಳು ಎರಡೂ ಕೈ ಅಡ್ಡ ಹಿಡಿದಳು.

ಅವಳ ಆ ಕೂಗನ್ನು ಮೇಸ್ತ್ರಿ ಸಾಯುವವರೆಗೂ ಮರೆಯಲಾರ.

ಹೊರಗೆ, ಶಟರಿನ ಸಂದಿಯಿಂದ ಕರಿ ಹೊಗೆ ಬರುವುದನ್ನು ಮೊದಲು ಕಂಡವರು ಡ್ರಿಲ್ ಮೇಷ್ಟ್ರು. ಕೈ ತಾನಾಗಿ ಕೊರಳಿಗೆ ಹೋಯಿತು. ಸೀಟಿ ಇರಲಿಲ್ಲ. "ಬೆಂಕಿ!" ಎಂದು ಕೂಗಿದರು. ಆ ಕೂಗು ಅವರ ಬಾಲ್ಕನಿಯನ್ನೂ ದಾಟಲಿಲ್ಲ. ಕೆಳಗೆ ರಸ್ತೆಯಲ್ಲಿ ಜನ ಅವರ ಪಾಡಿಗೆ ಅವರು ಹೋಗುತ್ತಿದ್ದರು. ಮೇಷ್ಟ್ರು ಮೆಟ್ಟಿಲಿಳಿದು ಬಂದು ಕಲ್ಲೊಂದನ್ನು ಎತ್ತಿಕೊಂಡು ವಿದ್ಯುತ್ ಕಂಬಕ್ಕೆ ಹುಚ್ಚರ ಹಾಗೆ ಬಡಿದರು. ಠಣ್ ಠಣ್ ಠಣ್. ಜನ ತಿರುಗಿ ನೋಡಿ, ಅರ್ಥ ಮಾಡಿಕೊಂಡು, ಹಾರೆ ತಂದು ಶಟರು ಮೀಟಿ ಎತ್ತುವಷ್ಟರಲ್ಲಿ ಒಳಗೆ ಆಗಬೇಕಾದ್ದೆಲ್ಲ ಆಗಿತ್ತು. ಶಟರಿನ ಬುಡದಲ್ಲಿದ್ದ ಭಾಮೈದನನ್ನೂ ಕೈ ಸುಟ್ಟ ಮೇಸ್ತ್ರಿಯನ್ನೂ ಜನ ಎಳೆದುಕೊಂಡರು. ದಪ್ಪ ಕಂಬಳಿ ಹೊದ್ದು ಒಳಗೆ ನುಗ್ಗಿ ಮೇಸ್ತ್ರಿಯ ಹೆಂಡತಿಯನ್ನು ಹೊರಗೆ ಎಳೆದು ತಂದವರು ಮೇಷ್ಟ್ರೇ. ಅವರ ಮೊಣಕೈಯ ಹಳೇ ಗಾಯಕ್ಕೆ ಕಟ್ಟಿದ್ದ ಪಟ್ಟಿ ಇನ್ನೂ ಹಾಗೇ ಇತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು: "ಹೇಗಾಯ್ತು?"

ಮೇಸ್ತ್ರಿ ತನ್ನ ಕೈಗಳ ಬ್ಯಾಂಡೇಜು ನೋಡಿಕೊಂಡ. ನಿಜ ಹೇಳಿದರೆ ಗ್ಯಾರೇಜು ಮುಚ್ಚಿಸುತ್ತಾರೆ. ಪೊಲೀಸರು ಬರುತ್ತಾರೆ. ಭಾಮೈದನಿಗೆ ಶಾಲೆಯ ಮಕ್ಕಳನ್ನು ಕರೆದೊಯ್ಯುವ ಕೆಲಸವೂ ಹೋಗುತ್ತದೆ. ಬೀದಿಯಲ್ಲಿ ತಲೆ ಎತ್ತುವ ಹಾಗಿಲ್ಲ.

"ಒಲೆ ಸಾರ್. ಅಡುಗೆಮನೇಲಿ... ಗ್ಯಾಸ್ ಒಲೆ ಹತ್ರ. ಅವಳು ಗಮನಿಸಲಿಲ್ಲ."

ಕಾಲಿಗೆ ಪಟ್ಟಿ ಸುತ್ತಿಸಿಕೊಂಡು ಪಕ್ಕದಲ್ಲಿ ಕೂತಿದ್ದ ಭಾಮೈದ ನೆಲ ನೋಡಿದ. ಅವನೂ ಬಾಯಿ ಬಿಡಲಿಲ್ಲ. ಡಾಕ್ಟರು ತಲೆಯಾಡಿಸಿ ಹೋದರು. ಇಂಥ ಮಾತು ಅವರು ಎಷ್ಟೋ ಗಂಡಂದಿರ ಬಾಯಲ್ಲಿ ಕೇಳಿದ್ದರು. ಹೆಂಗಸಿನ ಮೈ ಸುಟ್ಟರೆ ಒಲೆಯ ಮೇಲೆ ಹಾಕುವುದು ಎಷ್ಟು ಸುಲಭ ನೋಡಿ, ಒಲೆ ಎದುರು ಮಾತಾಡುವುದಿಲ್ಲ.

ಬೀದಿಗೆ ಅಷ್ಟೇ ಸಾಕಾಯಿತು: ಒಲೆಯ ಬೆಂಕಿಯೇ ಗ್ಯಾರೇಜಿಗೂ ಹಬ್ಬಿತಂತೆ. ನೋಡಲು ಬಂದವರೆಲ್ಲ ಅವಳ ಮಂಚದ ಪಕ್ಕ ನಿಂತು ಅದನ್ನೇ ಹೇಳಿದರು. "ಒಲೆ ಮುಂದೆ ಸ್ವಲ್ಪ ಹುಷಾರಾಗಿರಬಾರದಿತ್ತೇನಮ್ಮ?" "ಮೇಸ್ತ್ರಿ ಪಾಪ, ಬಿಡಿಸೋಕೆ ಹೋಗಿ ಕೈ ಸುಟ್ಟುಕೊಂಡ." ಅವಳು ಗೋಡೆಯ ಕಡೆ ಮುಖ ತಿರುಗಿಸಿಕೊಂಡು ಮಲಗಿರುತ್ತಿದ್ದಳು. ಎರಡೂ ಕೈ ಬಿಳಿಯ ದಪ್ಪ ಮೂಟೆಗಳಾಗಿ ಎದೆಯ ಮೇಲಿದ್ದವು. ಬೆರಳುಗಳು ಮೊದಲಿನ ಹಾಗೆ ಮಡಚುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು.

ಆ ಮಾತು ಕೇಳಿದ ದಿನ ಆಸ್ಪತ್ರೆಯ ಕಾರಿಡಾರಿನಲ್ಲಿ ಭಾಮೈದ ಕುಂಟುತ್ತ ಬಂದವನೇ ಮೇಸ್ತ್ರಿಯ ಮುಖಕ್ಕೆ ಗುದ್ದಿದ. ಮೇಸ್ತ್ರಿಯ ತುಟಿ ಒಡೆಯಿತು. ಬೆಂಚು ಉರುಳಿತು.

"ಒಲೆ ಅಂತೀಯಾ? ನನ್ನ ಅಕ್ಕನ ಮೇಲೆ ಹಾಕ್ತೀಯಾ?"

"ನೀನೇನು ಬಾಯಿ ಹೊಲ್ಕೊಂಡಿದ್ಯಾ? ನೀನ್ಯಾಕೋ ಹೇಳಲಿಲ್ಲ?" ಮೇಸ್ತ್ರಿ ಅವನ ಅಂಗಿ ಹಿಡಿದು ಗೋಡೆಗೆ ಅಪ್ಪಳಿಸಿದ. "ಕಡ್ಡಿ ಗೀರಿದ್ದು ಯಾರು? ನಾನಾ?"

"ಗೀರು ಗೀರು ಅಂತ ಚುಚ್ಚಿದ್ದು ಯಾರು? ಆ ಹಾಳು ಆಟ ಕಲಿಸಿದ್ದು ಯಾರು? ಶಟರ್ ಎತ್ತು ಅಂದ್ರೆ ಎತ್ತದಿದ್ದೋನು ಯಾರು?"

"ಮುಚ್ಚೋ ಬಾಯಿ!"

"ಮುಚ್ಚಲ್ಲ! ಅವಳ ಮೇಲೆ ಸುರಿದಿದ್ದು ನಿನ್ನ ಕೈ ಕಣೋ! ನಿನ್ನ ಕೈ!"

ಬ್ಯಾಂಡೇಜಿನ ಕೈಯಲ್ಲೇ ಮೇಸ್ತ್ರಿ ಹೊಡೆದ. ಭಾಮೈದ ತಲೆಯಿಂದ ಗುದ್ದಿದ. ಇಬ್ಬರೂ ನೆಲಕ್ಕೆ ಬಿದ್ದು, ಒಬ್ಬರ ಕತ್ತು ಒಬ್ಬರು ಹಿಡಿದು, ಉರುಳಾಡಿದರು. ಬ್ಯಾಂಡೇಜಿನಿಂದ ರಕ್ತ ಒಸರಿ ಅಂಗಿಗಳಿಗೆ ಮೆತ್ತಿಕೊಂಡಿತು. ಕಾವಲಿನವನು ಇಬ್ಬರನ್ನೂ ಕಾಲರು ಹಿಡಿದು ಬಿಡಿಸಿದ. ನರ್ಸಮ್ಮ ಬಾಗಿಲಿಗೆ ಬಂದು ಹಲ್ಲು ಕಚ್ಚಿ ಹೇಳಿದಳು: "ನಾಚಿಕೆ ಆಗಲ್ವೇನ್ರೀ? ಎಲ್ಲಾನೂ ಒಳಗೆ ಕೇಳಿಸ್ತಿದೆ. ಆ ಯಮ್ಮನಿಗೆ ಎಲ್ಲಾನೂ ಕೇಳಿಸ್ತಿದೆ."

ಮೇಸ್ತ್ರಿ ತುಟಿ ಒರೆಸಿಕೊಳ್ಳುತ್ತ ಒಳಗೆ ಹೋದ. ಹೆಂಡತಿ ಅವನ ಕಡೆ ತಿರುಗಿದಳು. ಕಣ್ಣಲ್ಲಿ ನೀರಿರಲಿಲ್ಲ.

"ಬೋಗುಣಿ ನಿಮ್ಮ ಹತ್ರ ಇತ್ತು. ನಾನು ಒಲೆ ಹಚ್ಚಿರಲೇ ಇಲ್ಲ."

ಅಷ್ಟು ಹೇಳಿ ಮತ್ತೆ ಗೋಡೆಯ ಕಡೆ ತಿರುಗಿದಳು. ಅಂದಿನಿಂದ ಅವನ ಹತ್ತಿರ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಹೊಡೆದಿದ್ದರೂ ತಡೆದುಕೊಳ್ಳುತ್ತಿದ್ದ. ಜಗಳಕ್ಕೆ ಹುಟ್ಟಿದ ಆ ಮನುಷ್ಯನಿಗೆ ಮೌನದ ಮುಂದೆ ಏನು ಮಾಡಬೇಕೆಂದು ಗೊತ್ತಿರಲಿಲ್ಲ.

ಅವಳು ಮನೆಗೆ ಬಂದ ದಿನ ಬೀದಿಯ ಹೆಂಗಸರು ಗೇಟಿನ ಹತ್ತಿರ ಕಾದಿದ್ದರು. ಆಟೋದಿಂದ ಅವಳನ್ನು ಅವಳ ತಮ್ಮ ಕೈಹಿಡಿದು ಇಳಿಸಿದ. ಸುಟ್ಟ ಗ್ಯಾರೇಜು ಕಪ್ಪು ಬಾಯಿ ತೆರೆದುಕೊಂಡು ನಿಂತಿತ್ತು. ಅವಳು ಒಂದು ಕ್ಷಣ ಅದರೊಳಗೆ ನೋಡಿದಳು. ಹೊಲಿಗೆ ಯಂತ್ರದ ಕಬ್ಬಿಣದ ಕಾಲು ಮಾತ್ರ ಉಳಿದಿತ್ತು. ಒಬ್ಬ ಹಿರಿಯ ಹೆಂಗಸು ಅವಳ ಗಲ್ಲ ಸವರಿ, ಪ್ರೀತಿಯಿಂದಲೇ, "ಇನ್ನಾದ್ರೂ ಒಲೆ ಮುಂದೆ ನೋಡ್ಕೊಂಡು ಕೆಲ್ಸ ಮಾಡು ತಾಯಿ. ನಿನ್ನ ಅಜಾಗರೂಕತೆಗೆ ಗಂಡನ ಅಂಗಡೀನೂ ಹೋಯ್ತು ನೋಡು," ಎಂದಳು.

ಅವಳು ತಲೆ ತಗ್ಗಿಸಿದಳು. ಏನೂ ಮಾಡದವಳು ತಲೆ ತಗ್ಗಿಸಿದಳು! ಮೇಸ್ತ್ರಿ ಅದನ್ನು ನೋಡಿದ. ಅವನೊಳಗೆ ಆ ಹಳೇ ಕೋಪ ಏರಿ ಬಂತು. ಏನನ್ನಾದರೂ ಎತ್ತಿ ಎಸೆಯಬೇಕು, ಯಾರಿಗಾದರೂ ಬಾರಿಸಬೇಕು. ಕೈ ಮುಷ್ಟಿಯಾಯಿತು. ಸುಟ್ಟ ಚರ್ಮ ಜಗ್ಗಿ ನೋವಾಯಿತು. ಬಾರಿಸಬೇಕಾದವನು ಈ ಗುಂಪಿನಲ್ಲಿ ಒಬ್ಬನೇ ಇದ್ದ.

"ಒಲೆ ಅಲ್ಲ," ಎಂದ.

ಹೆಂಗಸರು ತಿರುಗಿದರು.

"ಒಲೆ ಅಲ್ಲಮ್ಮ. ಅವಳು ಒಲೆ ಹಚ್ಚಿರಲೇ ಇಲ್ಲ. ಅವಳ ಪಾತ್ರೆ ತಗೊಂಡು ಅದರಲ್ಲಿ ಪೆಟ್ರೋಲ್ ತುಂಬಿಟ್ಟೋನು ನಾನು. ಶಟರ್ ಮುಚ್ಚಿ ಬೀಗ ಹಾಕಿದ್ದು ನಾನು. ಉರಿಯೋ ಪೆಟ್ರೋಲ್ ಅವಳ ಮೇಲೆ ಸುರಿದಿದ್ದೂ ನಾನೇ. ಒಲೆ ಅಂತ ಸುಳ್ಳು ಹೇಳಿದ್ದೂ ನಾನೇ." ಸುಟ್ಟ ಎರಡೂ ಕೈ ಜೋಡಿಸಿದ. "ಅವಳನ್ನು ಏನೂ ಅನ್ನಬೇಡಿ."

ಭಾಮೈದ ಅಕ್ಕನ ತೋಳು ಬಿಡದೆಯೇ ತಗ್ಗಿದ ದನಿಯಲ್ಲಿ ಸೇರಿಸಿದ: "ಕಡ್ಡಿ ಗೀರಿದ್ದು ನಾನು."

ಆ ಹಿರಿಯ ಹೆಂಗಸು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹೆಂಡತಿ ಗಂಡನ ಮುಖ ನೋಡಲಿಲ್ಲ. ತಲೆ ಮಾತ್ರ ನೆಟ್ಟಗೆ ಮಾಡಿಕೊಂಡು ತಮ್ಮನ ಜೊತೆ ಒಳಗೆ ನಡೆದಳು.

ಮೇಸ್ತ್ರಿ ಗ್ಯಾರೇಜಿಗೆ ಹೋಗಿ ಬೂದಿಯಲ್ಲಿ ಮೊಣಕಾಲೂರಿ ಹುಡುಕಿದ. ಬೋಲ್ಟಿನ ಡಬ್ಬಿ ಕಪ್ಪಾಗಿ ಸೊಟ್ಟಗಾಗಿತ್ತು. ತಿರುವಿ ಹಾಕಿದ. ತುಕ್ಕು ಹಿಡಿದ ಬೋಲ್ಟುಗಳ ನಡುವಿನಿಂದ ಆ ಉಕ್ಕಿನ ಸೀಟಿ ಉರುಳಿ ಬಂತು. ನಲ್ಲಿಯ ಕೆಳಗೆ ಹಿಡಿದು, ಮಸಿ ಹೋಗುವವರೆಗೆ ಉಜ್ಜಿದ. ಹೊಸ ದಾರ ಕಟ್ಟಿದ. ರಸ್ತೆ ದಾಟಿದ.

ಮೇಷ್ಟ್ರ ಕಿಟಕಿಗೆ ಇನ್ನೂ ಗಾಜಿರಲಿಲ್ಲ, ರಟ್ಟು ಅಂಟಿಸಿದ್ದರು. ಬಾಗಿಲು ತೆಗೆದ ಮೇಷ್ಟ್ರು ಅವನನ್ನು ಕಂಡು ಒಂದು ಹೆಜ್ಜೆ ಹಿಂದೆ ಸರಿದರು. ಆ ಒಂದು ಹೆಜ್ಜೆ ಮೇಸ್ತ್ರಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು.

"ಹೊಡೆಯೋಕೆ ಬಂದಿಲ್ಲ ಸಾರ್." ಸೀಟಿಯನ್ನು ಎರಡೂ ಅಂಗೈಯಲ್ಲಿಟ್ಟು ಚಾಚಿದ. ಅಂಗೈಗಳು ಇನ್ನೂ ಹಸಿ ಗುಲಾಬಿ ಬಣ್ಣದಲ್ಲಿದ್ದವು. "ಇದು ನಿಮ್ಮ ಹತ್ರ ಇದ್ದಿದ್ರೆ ಜನ ಬೇಗ ಬರ್ತಿದ್ರು."

ಮೇಷ್ಟ್ರು ಸೀಟಿಯನ್ನು ಕೈಗೆತ್ತಿಕೊಂಡರು. ಆ ಒಣ ದನಿಯಲ್ಲಿ ಕೇಳಿದರು: "ಊದಿದ್ರೆ ಮತ್ತೆ ಸ್ಪ್ಯಾನರ್ ಬರುತ್ತಾ?"

"ಊದಿ ಸಾರ್. ವಾಸನೆ ಬಂದ್ರೆ ಊದಿ. ನಾನು ಬೈದರೂ ಊದಿ." ಅವನು ಅತ್ತುಬಿಟ್ಟ. ಅಷ್ಟು ದೊಡ್ಡ ಗಂಡಸು ಮೆಟ್ಟಿಲ ಮೇಲೆ ಕೂತು ಮಕ್ಕಳ ಹಾಗೆ ಅತ್ತ. ಮೇಷ್ಟ್ರು ಸೀಟಿಯನ್ನು ಕೊರಳಿಗೆ ಹಾಕಿಕೊಂಡರು.

ಮಾರನೆಯ ದಿನ ಭಾವ, ಭಾಮೈದ ಇಬ್ಬರೂ ಹೋಗಿ ಮೊದಲು ಆಸ್ಪತ್ರೆಯಲ್ಲಿ, ಆಮೇಲೆ ಅಗ್ನಿಶಾಮಕದವರ ಎದುರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಅಧಿಕಾರಿಗಳು ಗ್ಯಾರೇಜು ಮುಚ್ಚಿಸಿದರು. ಮತ್ತೆ ಅನುಮತಿ ಸಿಗುವ ಹೊತ್ತಿಗೆ ಮನೆಯ ಮುಂಭಾಗವೇ ಬದಲಾಗಿತ್ತು. ಶಟರಿನ ಜಾಗದಲ್ಲಿ ಶಟರೇ ಇರಲಿಲ್ಲ, ಜಾಲರಿಯ ಗೇಟಿತ್ತು. ಗ್ಯಾರೇಜಿನಿಂದ ಅಡುಗೆಮನೆಗೆ ಹೋಗುವ ಬಾಗಿಲನ್ನು ಇಟ್ಟಿಗೆ ಇಟ್ಟು ಮುಚ್ಚಿದ್ದ. ಪೆಟ್ರೋಲು ಇಳಿಸುವುದಿದ್ದರೆ ಬಯಲಿನಲ್ಲಿ, ಬಿಗಿ ಮುಚ್ಚಳದ ಕ್ಯಾನಿಗೆ. ಹೊಸ ಸಿಲಿಂಡರು ಗೇಟಿನ ಪಕ್ಕ ಕೈಗೆಟಕುವ ಹಾಗೆ ತೂಗುತ್ತಿತ್ತು, ಅದರ ಕೆಳಗೆ ಮರಳು ತುಂಬಿದ ಬಕೆಟ್ಟುಗಳು. ಹೊಸ ಹೊಲಿಗೆ ಯಂತ್ರವನ್ನು ಮನೆ ಮುಂದಿನ ಇನ್ನೊಂದು ಬದಿಯ ವರಾಂಡದಲ್ಲಿ ಹಾಕಿಸಿದ್ದ. ಹೆಂಡತಿ ಅದರ ಮುಂದೆ ಕೂತು ಮಡಚದ ಬೆರಳುಗಳಿಂದ ಬಟ್ಟೆಯ ತುಂಡೊಂದನ್ನು ನೆಟ್ಟಗೆ ತಳ್ಳಲು ಅಭ್ಯಾಸ ಮಾಡುತ್ತಿದ್ದಳು. ಹೊಲಿಗೆ ಸೊಟ್ಟಗೆ ಹೋಗುತ್ತಿತ್ತು. ಬಿಚ್ಚಿ ಮತ್ತೆ ಹಾಕುತ್ತಿದ್ದಳು. ಗಂಡನ ಜೊತೆ ಮಾತು ಮಾತ್ರ ಇರಲಿಲ್ಲ. ಆ ಮನೆಯಲ್ಲಿ ಒಲೆಯೂ ಹತ್ತಿರಲಿಲ್ಲ. ಅವಳ ಕೈಲಿ ಆಗುತ್ತಿರಲಿಲ್ಲ, ಅವನಿಗೆ ಕಡ್ಡಿ ಮುಟ್ಟಲು ಧೈರ್ಯವಿರಲಿಲ್ಲ. ಊಟ ಭಾಮೈದನ ಮನೆಯಿಂದ ಬರುತ್ತಿತ್ತು.

ಒಂದು ಸಂಜೆ ಮೇಸ್ತ್ರಿ ಒಂದು ಕಾರಿನ ಕೆಳಗೆ ಮಲಗಿದ್ದಾಗ ಎದುರು ಬಾಲ್ಕನಿಯಿಂದ ಸೀಟಿ ಕೇಳಿತು. ಉದ್ದಕ್ಕೆ, ಕಿವಿ ಸೀಳುವ ಹಾಗೆ. ಅವನು ತೆವಳಿ ಹೊರಬಂದ. ಗೇಟಿನೊಳಗೆ ಆ ಟ್ಯಾಕ್ಸಿಯವನು ಹೊಸ ಸ್ನೇಹಿತನೊಬ್ಬನನ್ನು ಕರೆದುಕೊಂಡು ನಿಂತಿದ್ದ. ಬಾಯಲ್ಲಿ ಉರಿಯುವ ಸಿಗರೇಟು.

"ಮೇಸ್ತ್ರಿ, ಇವನು ನಂಬ್ತಾನೇ ಇಲ್ಲ ಮಾರಾಯ. ಆ ಆಟ ಒಂದ್ಸಲ ತೋರಿಸಿಬಿಡು!"

ಮೇಸ್ತ್ರಿಯ ಕೈಯಲ್ಲಿ ದೊಡ್ಡ ಸ್ಪ್ಯಾನರಿತ್ತು. ಅದು ಮೇಲೆದ್ದಿತು. ವರಾಂಡದಲ್ಲಿ ಯಂತ್ರದ ಸದ್ದು ನಿಂತಿತು. ಆ ಕೈ ಎದ್ದರೆ ಏನಾಗುತ್ತದೆಂದು ಬೀದಿಗೆಲ್ಲ ಗೊತ್ತಿತ್ತು. ಟ್ಯಾಕ್ಸಿಯವನು ಬಿಳುಚಿಕೊಂಡ.

ಮೇಸ್ತ್ರಿ ಸ್ಪ್ಯಾನರನ್ನು ನೆಲಕ್ಕೆ ಇಟ್ಟ. ಮುಂದೆ ಬಂದು ಅವನ ತುಟಿಯಿಂದ ಸಿಗರೇಟು ತೆಗೆದು, ಕೆಂಡಕ್ಕೆ ಇನ್ನೊಂದು ಅಂಗೈ ಅಡ್ಡ ಹಿಡಿದುಕೊಂಡು ನೇರವಾಗಿ ರಸ್ತೆಗೆ ನಡೆದ. ಅಲ್ಲಿ ಕೆಳಗೆ ಹಾಕಿ, ಬೂದಿಯಾಗುವವರೆಗೆ ಚಪ್ಪಲಿಯಿಂದ ಹೊಸಕಿದ.

"ಆ ಆಟ ನಿಲ್ಲಿಸಿದೀನಿ," ಎಂದ. ಬಾಲ್ಕನಿಯ ಕಡೆ ತಲೆಯೆತ್ತಿ, "ಆರಿಸಿದೆ ಸಾರ್!" ಎಂದು ಕೂಗಿದ. ಮೇಲಿನಿಂದ ಸಣ್ಣಗೆ ಒಂದು ಸೀಟಿ ಉತ್ತರ ಬಂತು. ಟ್ಯಾಕ್ಸಿಯವನು ಸ್ನೇಹಿತನ ತೋಳು ಹಿಡಿದುಕೊಂಡು ಸದ್ದಿಲ್ಲದೆ ಹೊರಟುಹೋದ.

ಮೇಸ್ತ್ರಿ ಮತ್ತೆ ಕಾರಿನ ಕೆಳಗೆ ಹೋಗಲು ಬಗ್ಗುತ್ತಿದ್ದ.

"ರೀ."

ಅವನು ಹಾಗೇ ನಿಂತ. ಎಷ್ಟು ಕಾಲವಾಗಿತ್ತು ಆ ಒಂದಕ್ಷರ ಕೇಳಿ.

"ಸಾಕು ಕೆಲಸ, ಎದ್ದು ಬನ್ನಿ," ಎಂದಳು ಹೆಂಡತಿ, ಬಟ್ಟೆಯಿಂದ ಕಣ್ಣೆತ್ತದೆ. "ಹೋಗಿ ಒಲೆ ಹಚ್ಚಿ, ಟೀ ಇಡಿ. ಮೇಷ್ಟ್ರಿಗೂ ಸೇರಿಸಿ."

ಮೇಸ್ತ್ರಿ ನಲ್ಲಿಯ ಹತ್ತಿರ ಹೋಗಿ ಸೋಪು ಹಚ್ಚಿ ಕೈ ತೊಳೆದ. ಒರೆಸಿಕೊಂಡು ಅಡುಗೆಮನೆಗೆ ಬಂದ. ಕಿಟಕಿ ತೆಗೆದ. ಕಡ್ಡಿಪೆಟ್ಟಿಗೆ ಕೈಗೆತ್ತಿಕೊಂಡವನು ತಡೆದು ನಿಂತ. ಎರಡೂ ಅಂಗೈಗ‌ಳನ್ನು ಮೂಗಿನ ಹತ್ತಿರ ತಂದು ಮೂಸಿ ನೋಡಿಕೊಂಡ. ಪೆಟ್ಟಿಗೆಯನ್ನು ಕೆಳಗಿಟ್ಟು, ಮತ್ತೊಮ್ಮೆ ಕೈ ತೊಳೆಯಲು ನಲ್ಲಿಯ ಹತ್ತಿರ ಹೋದ.